ನಸುಕಿನ ಬಾಂಗಿಗೆ ಉಸಿರು ಸಾಲದಾಗ

ತೊರಗಲ್ಲಿನ ದರ್ಜಿ ಖಾಸಿಮಸಾಬರು ಊರ ಮಸೀದಿಯಲ್ಲಿ ಐದು ಹೊತ್ತೂ ನಮಾಜಿಗೆ ಕರೆಯುವ ಬಾಂಗ್ ಕೊಡುವವರು. ನಸುಕಿನ ಬಾಂಗಿಗೆ ಮೈಕ್ ಹಚ್ಚುವುದಿಲ್ಲ. ಅದರಲ್ಲಿ ಉಳಿದ ಹೊತ್ತಿಗಿಂತ ಒಂದು ಮಾತು ಹೆಚ್ಚು ಬೇರೆ: ನಿದ್ದೆಗಿಂತ ನಮಾಜು ಮೇಲು ಎಂಬುದು. ಆದರೂ ಅವರ ದನಿ ಊರ ಹಳೆಯ ಕೋಟೆಯ ಗೋಡೆಗೆ ಹೋಗಿ ಮುಟ್ಟುತ್ತಿತ್ತು.

"ನಮ್ಮನಿಯವ್ರ ದಮ್ಮಿಗೆ ಕರೆಂಟ್ ಬೇಕಾಗಿಲ್ಲವಾ" ಎಂದು ಹೆಂಡತಿ ಖೈರುನಬಿ ನಳದ ಹತ್ತಿರ ಹೇಳಿಕೊಂಡು ಬೀಗುತ್ತಿದ್ದರು.

ಈ ಚಳಿಗಾಲದಲ್ಲಿ ಆ ದನಿ ನಡುವೆಯೇ ಮುರಿಯತೊಡಗಿತು. ಕೋಳಿ ಕೂಗುವ ಮೊದಲೇ ಖಾಸಿಮಸಾಬರು ಕೆಮ್ಮುತ್ತ ಹಾಸಿಗೆಯಲ್ಲಿ ಎದ್ದು ಕೂರುವರು. ಎದೆಯೊಳಗೆ ಸಿಳ್ಳೆ ಹಾಕಿದಂಥ ಸದ್ದು. ಬಿಸಿಲೇರಿದಂತೆ ಎಲ್ಲ ತಾನಾಗಿ ಸರಿಹೋಗುತ್ತಿತ್ತು. ಸಂಜೆಯ ಬಾಂಗು ಮೊದಲಿನಂತೆಯೇ ತುಂಬು ದನಿ.

"ಕಾಕಾಗ ಇನ್ನೂ ನಿದ್ದಿನ ಹರಿದಿಲ್ಲ" ಎಂದು ಕಟ್ಟೆಯ ಮೇಲಿನವರು ನಕ್ಕದ್ದು ಅವರ ಕಿವಿಗೂ ಬಿತ್ತು.

"ಜಮಾತಿನವ್ರಿಗೆ ಹೇಳಿಬಿಡತೇನಿ. ನಸುಕಿನ ಬಾಂಗ್ ಬ್ಯಾರೆಯವ್ರು ಕೊಡ್ಲಿ" ಎಂದರು ಗಂಡ.

ಖೈರುನಬಿ ಅದಕ್ಕೆ ಒಪ್ಪಲಿಲ್ಲ. ಮರುದಿನ ಮಧ್ಯಾಹ್ನವೇ ಆರೋಗ್ಯ ಉಪಕೇಂದ್ರದ ನರ್ಸ್ ಸುಚೇತಾಳನ್ನು ಗಂಡನ ಹೊಲಿಗೆ ಅಂಗಡಿಗೆ ಕರೆತಂದರು.

"ರಾಮದುರ್ಗಕ್ಕ ಹೋಗಿ ತೋರಿಸಿಗೊಂಡ ಬಂದೇನಿ, ಬೇಟಿ. ಎದಿ ಸಾಫ್ ಐತಿ ಅಂದ್ರು. ಈಕಿಗೆ ಸುಮ್ನ ಹೆದರಿಕಿ" ಎಂದರು ಖಾಸಿಮಸಾಬರು, ಬಟ್ಟೆ ಕತ್ತರಿಸುತ್ತ.

"ಯಾವ ಹೊತ್ತಿನ್ಯಾಗ ತೋರಿಸಿದ್ರಿ, ಕಾಕಾ?"

"ಮಧ್ಯಾಹ್ನ."

"ನಸುಕಿನ್ಯಾಗ ದಮ್ಮು ಹತ್ತತೈತಿ ಅಂತ ಡಾಕ್ಟರಿಗೆ ಹೇಳಿದ್ರೇನು?"

"ಮಧ್ಯಾಹ್ನ ಇಲ್ಲದ ದಮ್ಮಿನ ಸುದ್ದಿ ಮಧ್ಯಾಹ್ನ ಯಾಕ ಹೇಳಲಿ?"

ಸುಚೇತಾ ನಕ್ಕುಬಿಟ್ಟಳು. "ಬರೇ ಕಾಲರಿನ ಅಳತಿ ತಗೊಂಡು ಪೂರಾ ಅಂಗಿ ಕತ್ತರಸ್ತೀರೇನು?"

ಕತ್ತರಿ ನಿಂತಿತು.

"ನಮ್ಮ ಮೈಯಾಗೂ ಒಂದು ಗಡಿಯಾರ ಐತಿ, ಕಾಕಾ. ರಾತ್ರಿ ಕಳದು ನಸುಕಾಗೂ ಹೊತ್ತಿಗೆ ಉಸಿರಿನ ಕೊಳವಿ ಎಲ್ಲಾರಿಗೂ ತುಸು ಬಿಗಿ ಆಗ್ತಾವು. ಉಳಿದವ್ರಿಗೆ ಅದು ಗೊತ್ತಾಗೂದಿಲ್ಲ. ಅಸ್ತಮಾ ಇದ್ದವ್ರಿಗೆ ಕೊಳವಿ ಮೊದಲ ಬಾತಿರ್ತಾವು, ಅದಕ್ಕ ಭಾಳ ಬಿಗೀತಾವು. ಮಧ್ಯಾಹ್ನಕ್ಕ ಮತ್ತ ಸಡಲ ಆಗ್ತಾವು. ನಿಮಗ ಅದ ಇರಬೇಕು ಅನಸ್ತೈತಿ, ತಪಾಸ ಮಾಡಸೂಣು."

"ಅಂದ್ರ ಇದು ನಿದ್ದಿಗಣ್ಣಿನ ಆಟ ಅಲ್ಲ?" ಖೈರುನಬಿ ಕೇಳಿದರು.

"ಅಲ್ಲವೇ ಅಲ್ಲ, ಕಾಕೂ. ಬಿಗಿದ ಎದ್ಯಾಗೂ ಬಾಂಗ್ ಕೊಟ್ಟಾರಲ್ಲ, ಶಾಬಾಸ್ ಅನ್ರಿ."

ಖೈರುನಬಿ ಗಂಡನನ್ನು ಹೊಸಬರನ್ನು ನೋಡುವಂತೆ ನೋಡಿದರು.

ಸುಚೇತಾ ಚೀಲದಿಂದ ಉಸಿರಿನ ಬಲ ಅಳೆಯುವ ಸಣ್ಣ ಸಾಧನ ತೆಗೆದುಕೊಟ್ಟಳು. ಖಾಸಿಮಸಾಬರು ಜೋರಾಗಿ ಊದಿದರು. ಮುಳ್ಳು ಸರ್ರನೆ ಮೇಲೇರಿತು. "ಹ್ಯಾಂಗ?" ಎಂದು ಗಡ್ಡ ನೀವಿಕೊಂಡರು.

"ಭಾಳ ಛಲೋ. ಇದು ನಿಮ್ಮ ಹತ್ರನ ಇರಲಿ, ನಾಳೆ ಎದ್ದ ಕೂಡ್ಲೆ ಊದ್ರಿ. ಅವಾಗ ಮಾತಾಡೂಣು."

ನಸುಕಿನಲ್ಲಿ ಊದಿದರೆ ಮುಳ್ಳು ಬಹಳ ಕೆಳಗೇ ನಿಂತಿತು. ಖಾಸಿಮಸಾಬರು ಮತ್ತೆ ಊದಿದರು. ಅಷ್ಟೇ. ದರ್ಜಿಗೆ ಅಳತೆಯ ಮೇಲೆ ಅನುಮಾನವಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಂಗಡಿಯ ಗೋಡೆಯ ಮೇಲೇ ದಿನವೂ ಎರಡು ಹೊತ್ತು ಮುಳ್ಳು ಏರಿದಷ್ಟು ಉದ್ದದ ಗೆರೆ ಎಳೆದರು: ನಸುಕಿನದು ಗಿಡ್ಡ, ಸಂಜೆಯದು ಉದ್ದ. ವಾರದ ನಂತರ ಅದರ ಫೋಟೋ ತೆಗೆದುಕೊಂಡು ಗಂಡ ಹೆಂಡತಿ ರಾಮದುರ್ಗಕ್ಕೆ ಹೋದರು. ವೈದ್ಯರು ಗೆರೆ ನೋಡಿದರು, ಪರೀಕ್ಷೆ ಮಾಡಿಸಿದರು. ಅಸ್ತಮಾ ಹೌದೆಂದು ಖಚಿತವಾಯಿತು. ದಿನವೂ ಎಳೆದುಕೊಳ್ಳಲು ಇನ್‌ಹೇಲರ್ ಕೊಟ್ಟರು. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕೆಂದರು.

ಬಸ್ಸಿನಲ್ಲಿ ಖಾಸಿಮಸಾಬರು ಗೊಣಗಿದರು. "ಈ ಪಂಪು ಒಮ್ಮೆ ಹಿಡಿದ್ರ ಚಟ ಆಗತೈತಂತ."

"ಮೂಗಿನ ಮ್ಯಾಲಿನ ಚಾಳೀಸ ಏನ್ ಚಟಾನ್ರೀ? ಅದು ಇಲ್ಲಂದ್ರ ಸೂಜ್ಯಾಗ ದಾರ ಹೋಗೂದಿಲ್ಲ" ಎಂದರು ಖೈರುನಬಿ. ಹಿಂದಿನ ಸೀಟಿನವರೂ ನಕ್ಕರು.

ಗೋಡೆಯ ಮೇಲೆ ನಸುಕಿನ ಗೆರೆಗಳು ಮೆಲ್ಲಗೆ ಉದ್ದವಾದವು. ಒಂದು ಮುಂಜಾವ ಖೈರುನಬಿ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ಕೇಳಿದರು. ನಸುಕಿನ ಆ ಹೆಚ್ಚಿನ ಮಾತೂ ಬಂತು. ದನಿ ಎಲ್ಲಿಯೂ ಮುರಿಯಲಿಲ್ಲ.

ಆ ಶುಕ್ರವಾರ ಖಾಸಿಮಸಾಬರು ಜಮಾತಿನ ಮುಂದೆ ನಿಂತದ್ದು ಬಾಂಗ್ ಬಿಟ್ಟುಕೊಡಲು ಅಲ್ಲ. "ನಸುಕಿನ್ಯಾಗ ದಮ್ಮು ಹತ್ತವ್ರು ಯಾರರ ಇದ್ರ ನನ್ನ ಅಂಗಡಿಗೆ ಬರ್ರಿ. ಗ್ವಾಡಿ ನೋಡ್ರಿ, ಆಮ್ಯಾಲೆ ದವಾಖಾನಿಗೆ ನಡೀರಿ" ಎಂದರು. ಈ ಸುದ್ದಿ ಕೇಳಿದ ಖೈರುನಬಿಗೆ ಅವರ ದನಿಗಿಂತ ಈ ಮಾತೇ ದೊಡ್ಡದೆನಿಸಿತು.

ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಯಾರಾದರೂ ನಸುಕಿನಲ್ಲಿ ಕೆಮ್ಮಿ ಎದ್ದು ಕೂರುತ್ತಾರೆಯೇ? ಹಗಲು ಚೆನ್ನಾಗಿದ್ದಾರೆಂದು ಸುಮ್ಮನಿರಬೇಡಿ. ಯಾವ ಹೊತ್ತಿನಲ್ಲಿ ತೊಂದರೆ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಹೃದಯದ ತೊಂದರೆಯೂ ಕಾರಣವಿರಬಹುದು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ ಅದನ್ನೂ ಹೇಳಿ. ಹಗುರೆನಿಸಿತೆಂದು ಔಷಧ ಬಿಡಬೇಡಿ. ಮಾತನಾಡಲಾಗದಷ್ಟು ದಮ್ಮು ಹತ್ತಿದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.