ಹೊನ್ನಕ್ಕನ ಆಣೆ

ಹೊನ್ನಕ್ಕ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ. ಕೊರವಂಗಲದ ಮನೆಯಲ್ಲಿ ಬೆಳಗಿನಿಂದಲೇ ಎಡೆಯ ಅಡುಗೆ ನಡೆದಿತ್ತು. ಸೊಸೆ ಪ್ರೇಮಕುಮಾರಿ ಒಲೆಯ ಮುಂದೆ ಕೂತು ಕಜ್ಜಾಯ ಕರಿಯುತ್ತಿದ್ದಳು. ಅತ್ತೆಗೆ ಕಜ್ಜಾಯವೆಂದರೆ ಪ್ರಾಣ. ಚನ್ನರಾಯಪಟ್ಟಣದಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ಗಂಡನ ಅಕ್ಕ ಸಣ್ಣಕ್ಕ ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದಳು, ಎಡಗೈಯಲ್ಲಿ.

"ಬಲಗೈಗೆ ಏನಾಯ್ತಕ್ಕಾ?"

"ಏನಿಲ್ಲ ಕಣೆ. ಬಸ್ಸಲ್ಲಿ ಕಂಬಿ ಇಡ್ಕೊಂಡು ನಿಂತಿದ್ದೆ, ಉಳುಕ್ಬಿಟ್ಟದೆ."

ತಟ್ಟೆ ಎತ್ತಿಕೊಳ್ಳಲು ಸಣ್ಣಕ್ಕ ಬಾಗಿದಾಗ ಸೆರಗು ಜಾರಿತು. ಕಂಕುಳ ಕೆಳಗೆ ರವಿಕೆಯ ಮೇಲೆ ಅಂಗೈಯಗಲದ ಹಳದಿ ಕಲೆ. ಅವಳು ಚಟ್ಟನೆ ಸೆರಗು ಹೊದ್ದುಕೊಂಡಳು. ಆದರೆ ಅಷ್ಟರಲ್ಲಿ ಅರಿಶಿನ, ಬೇವಿನೆಲೆ ಅರೆದ ವಾಸನೆ ಪ್ರೇಮಾಳ ಮೂಗಿಗೆ ಬಡಿದಿತ್ತು. ಎಣ್ಣೆಯಲ್ಲಿದ್ದ ಕಜ್ಜಾಯ ಸೀದು ಕರ್ರಗಾದದ್ದೂ ಅವಳಿಗೆ ತಿಳಿಯಲಿಲ್ಲ. ಆ ವಾಸನೆಯನ್ನು ಅವಳು ಬಲ್ಲಳು.

ಮೂರು ವರ್ಷದ ಹಿಂದೆ ಅತ್ತೆಯ ಬೆನ್ನುಜ್ಜುವಾಗ ಕಂಕುಳ ಕೆಳಗೆ, ಎದೆಯ ಪಕ್ಕದಲ್ಲಿ ಅವಳ ಕೈಗೆ ಮೊದಲ ಬಾರಿ ಒಂದು ಗಂಟು ಸಿಕ್ಕಿತ್ತು. ನಿಂಬೆಹಣ್ಣಿನ ಗಾತ್ರ, ಕಲ್ಲಿನಷ್ಟು ಗಟ್ಟಿ. ಆಸ್ಪತ್ರೆಗೆ ಹೋಗೋಣವೆಂದು ಗೋಗರೆದರೆ ಹೊನ್ನಕ್ಕ ಸೊಸೆಯ ಕೈಯನ್ನು ತನ್ನ ನೆತ್ತಿಯ ಮೇಲೆ ಇಡಿಸಿಕೊಂಡಿದ್ದಳು. "ಮಗನ ಮುಂದೆ ಆಡೋ ಮಾತಾ ಇದು? ಯಾರ್ಗಾದ್ರೂ ಯೋಳಿದ್ರೆ ನನ್ನಾಣೆ ಕಣೆ." ಪ್ರೇಮಾ ಹೇಳಲಿಲ್ಲ. ಗಂಟು ಹುಣ್ಣಾಯಿತು. ಅದಕ್ಕೆ ಅರಿಶಿನ, ಬೇವಿನೆಲೆ ಅರೆದು ಹಚ್ಚುತ್ತಿದ್ದವಳೂ ಅವಳೇ. ಮನೆಗೆ ಬಂದ ಡಾಕ್ಟರಿಗೆ ಹೊನ್ನಕ್ಕ ನಾಡಿ ಬಿಟ್ಟು ಬೇರೇನೂ ತೋರಿಸಲಿಲ್ಲ. ಕೊನೆಯ ದಿನಗಳಲ್ಲಿ ಕೂಗು ಹೊರಬೀಳದಂತೆ ಕಂಬಳಿಯ ಅಂಚನ್ನು ಹಲ್ಲಲ್ಲಿ ಕಚ್ಚಿ ಮಲಗಿರುತ್ತಿದ್ದಳು. ಮಗ ಕಾಂತರಾಜು ಬಂದವರಿಗೆಲ್ಲ ಜ್ವರ ಬಂದು ಹೋದರು ಎಂದೇ ಹೇಳಿದ್ದ.

ಪ್ರೇಮಾ ಸಣ್ಣಕ್ಕನನ್ನು ಬಚ್ಚಲಮನೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ತೋರ್ಸಿ."

"ಏನ್ ತೋರ್ಸೋದು?" ಎಂದು ಸಣ್ಣಕ್ಕ ಗದರಿದಳು. ಆಮೇಲೆ ಗೋಡೆಗೆ ಒರಗಿ ಮೆಲ್ಲಗೆ ಹೇಳಿದಳು: "ಎಂಟು ತಿಂಗಳಾಯ್ತು. ನಮ್ಮನೆಯೋರ್ಗೂ ಗೊತ್ತಿಲ್ಲ. ಮಗಳಿಗೆ ಗಂಡು ನೋಡ್ತಾ ಅವ್ರೆ. ತಾಯಿಗೆ ಇಂಥ ಕಾಯಿಲೆ ಅಂದ್ರೆ ಯಾರು ಬತ್ತಾರೆ? ಮದುವೆ ಒಂದು ಮುಗೀಲಿ. ಅವ್ವ ತಡ್ಕೊಳ್ಲಿಲ್ವಾ? ನಾನು ಅವಳ ಮಗಳಲ್ವಾ?"

"ಅಕ್ಕಾ..."

"ಯಾರ್ಗೂ ಯೋಳಬ್ಯಾಡ. ನನ್ನಾಣೆ." ಸಣ್ಣಕ್ಕ ಅವಳ ಕೈ ಹಿಡಿದು ತಲೆಯ ಮೇಲೆ ಇಟ್ಟುಕೊಳ್ಳಲು ಎಳೆದಳು. ಪ್ರೇಮಾ ಸುಟ್ಟವಳಂತೆ ಕೈ ಕಿತ್ತುಕೊಂಡು ಹೊರಗೆ ಬಂದುಬಿಟ್ಟಳು.

ನಡುಮನೆಯಲ್ಲಿ ಎಡೆ ಮುಗಿದು ನೆಂಟರು ಊಟಕ್ಕೆ ಕೂತಿದ್ದರು. ಹೊನ್ನಕ್ಕನ ಮೈದುನ ನಂಜಯ್ಯ ಫೋಟೋದ ಕಡೆ ತಿರುಗಿ ಹಳೆಯದನ್ನೆಲ್ಲ ತೆಗೆದಿದ್ದ. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡದ್ದು. ಹೆಂಗಸು ನೇಗಿಲು ಹಿಡಿಯಬಾರದೆಂದು ಊರು ಅಡ್ಡ ಬಂದಾಗ ಬೆಳಕು ಹರಿಯುವ ಮುಂಚೆಯೇ ಅರ್ಧ ಹೊಲ ಉತ್ತು ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿದ್ದು. ಸೊಪ್ಪಿನ ಹೊರೆ ಹೊತ್ತು ಹಾಸನಕ್ಕೆ ನಡೆದು, ಬರುವಾಗ ಮಕ್ಕಳಿಗೆ ಬನ್ನು ತರುತ್ತಿದ್ದದ್ದು. ಕೇಳುತ್ತಿದ್ದವರ ಕಣ್ಣು ತೇವವಾಗಿತ್ತು.

"ಒಂದ್ಸಲ ಹೋರಿ ತೊಡೆಗೆ ತಿವಿದಿತ್ತು. ಬಟ್ಟೆ ಸುತ್ಕೊಂಡು ಸಂಜೇವರೆಗೂ ನಾಟಿ ಹಾಕುದ್ಲು. ಒಂದಿನ ಅಯ್ಯೋ ಅಂದೋಳಲ್ಲ, ಆಸ್ಪತ್ರೆ ಮೆಟ್ಲು ಅತ್ತಿದೋಳಲ್ಲ. ಎಂಗಸು ಅಂದ್ರೆ ಅಂಗಿರ್ಬೇಕು ಕಣ್ರವ್ವಾ!"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಣ್ಣಕ್ಕ ಹೌದೆಂಬಂತೆ ತಲೆಯಾಡಿಸಿದಳು. ಆ ತಲೆಯಾಟ ಕಂಡ ಪ್ರೇಮಾ ಬಡಿಸುತ್ತಿದ್ದ ಸಾರಿನ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟಳು.

"ಅತ್ತೆ ಜ್ವರ ಬಂದು ಓಗಲಿಲ್ಲ ಮಾವ. ಎದೇಲಿ ಗಂಟಾಗಿತ್ತು. ಕೀವಾಗಿ, ಒಡೆದು, ಕೊಳೆತು ಸತ್ರು. ಎರಡು ವರ್ಷ."



"ಎಡೆ ಮುಂದೆ ನಿಂತು ಏನೇ ಬೊಗಳ್ತಿದ್ದೀಯ?" ಕಾಂತರಾಜು ಎಲೆ ಬಿಟ್ಟು ಎದ್ದ. "ಸತ್ತೋಳ ಮಾನ ಕಳೀತೀಯಾ?"

"ನಾನೇ ತೊಳೀತಿದ್ದೆ, ನಾನೇ ಬಟ್ಟೆ ಸುಡ್ತಿದ್ದೆ. ಯಾರ್ಗೂ ಯೋಳಬ್ಯಾಡ ಅಂತ ಆಣೆ ಇಡಿಸ್ಕೊಂಡಿದ್ರು."

ನಂಜಯ್ಯ ಎಲೆಯಿಂದ ಕೈ ಹಿಂದೆ ತೆಗೆದ. "ಆದ್ರೂ ಸತ್ತೋರ ಮೇಲಿಟ್ಟ ಆಣೆ ಮುರೀಬಾರ್ದಿತ್ತು ಕಣವ್ವ."

"ಆಣೆ ಉಳಿಸ್ಕೊಂಡೆ ಮಾವ. ಅತ್ತೆ ಉಳೀಲಿಲ್ಲ."

ಕಾಂತರಾಜು ಗೋಡೆ ಹಿಡಿದುಕೊಂಡ. ಅವನ ದನಿ ಕುಗ್ಗಿತ್ತು. "ನಂಗೊಂದು ಮಾತು ಯೋಳಿದ್ರೆ ಎಗಲ ಮ್ಯಾಲೆ ಒತ್ಕೊಂಡು ಓಗ್ತಿರ್ಲಿಲ್ವಾ?"

"ಓಯ್ತಿದ್ರಿ. ಗಂಡು ಮಗನ ಮುಂದೆ ಆ ಮಾತು ಎಂಗೆ ಆಡ್ಲಿ ಅಂತಿದ್ರು. ಆ ನಾಚಿಕೇಲೇ ಓಗ್ಬಿಟ್ರು."

ಪ್ರೇಮಾ ಸಣ್ಣಕ್ಕನ ಹೆಸರೆತ್ತಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಬಾಗಿಲ ಬಳಿ ಬಳೆಯ ಸದ್ದಾಯಿತು. ಸಣ್ಣಕ್ಕ ಬಾಗಿಲುವಾಡ ಹಿಡಿದು ಹಾಗೆಯೇ ಕುಸಿದು ಕೂತಿದ್ದಳು.

"ಕಾಂತಾ," ಎಂದಳು. "ನಂಗೂ..." ಸೆರಗಿನ ಮೇಲಿಂದಲೇ ಕಂಕುಳ ಕೆಳಗೆ ಕೈ ಇಟ್ಟು ತೋರಿಸಿದಳು.

ಊಟಕ್ಕೆ ಕೂತಿದ್ದ ನೆಂಟರಲ್ಲಿ ಮೊದಲು ಎದ್ದವನು ನಂಜಯ್ಯನೇ. ಕೈ ತೊಳೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೇಳಿದ: "ಹಾಸನದ ಬಸ್ಸು ಎಷ್ಟೊತ್ತಿಗಪ್ಪಾ?"

ಹಾಸನದ ಆಸ್ಪತ್ರೆಯಲ್ಲಿ ಚೀಟಿ ಬರೆಸುವ ಕಡೆ ಉದ್ದ ಸಾಲಿತ್ತು. "ಏನು ತೊಂದ್ರೆ?" ಎಂದು ಗುಮಾಸ್ತ ತಲೆಯೆತ್ತದೆ ಕೇಳಿದ. ಸಣ್ಣಕ್ಕ ನೆಲ ನೋಡಿದಳು. ಹೆಂಡತಿಯ ಎದುರೂ ಎಂದೂ ಆಡದಿದ್ದ ಮಾತನ್ನು ಕಾಂತರಾಜು ಅಷ್ಟು ಜನರ ನಡುವೆ ಗಟ್ಟಿಯಾಗಿ ಹೇಳಿದ: "ನಮ್ಮಕ್ಕನ ಎದೇಲಿ ಗಂಟಾಗ್ಬಿಟ್ಟದೆ ಸಾ. ಬೇಗ ನೋಡ್ಬೇಕು."

ಸಾಲಿನಲ್ಲಿ ಅವರ ಹಿಂದಿದ್ದ ಮುದುಕಿಯೊಬ್ಬಳು ಸರಕ್ಕನೆ ತಲೆಯೆತ್ತಿದಳು.

ಒಳಗೆ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಕೈ ತೊಳೆದುಕೊಂಡರು. "ಮುಂಚೆನೇ ಬರಬೇಕಿತ್ತಮ್ಮ," ಎಂದರು. "ಆದ್ರೆ ಕೈ ಮೀರಿದೆ ಅಂತ ನನಗನಿಸೋಲ್ಲ. ಇವತ್ತೇ ಸೇರ್ಕೊಳ್ಳಿ. ಟೆಸ್ಟೆಲ್ಲ ಮಾಡಿ, ಮುಂದಿನ ವಾರ ಆಪರೇಷನ್ ಮಾಡೋಣ."

ಸಣ್ಣಕ್ಕ ಪ್ರೇಮಾಳ ತೋಳು ಹಿಡಿದು ಹೊರಗೆ ಬಂದಳು. ಕಂಬದ ಮರೆಯಲ್ಲಿ ಕಾದಿದ್ದ ಮುದುಕಿ ಹತ್ತಿರ ಬಂದು, ಅತ್ತಿತ್ತ ನೋಡಿ, ಪಿಸುಗುಟ್ಟಿದಳು: "ಅದುನ್ನ ತೋರ್ಸೋದು ಯಾವ ರೂಮವ್ವಾ? ಅಲ್ಲಿರೋದು ಎಂಗಸಾ?"

ಸಣ್ಣಕ್ಕ ಅವಳ ಮುಖವನ್ನೇ ನೋಡಿದಳು. ಪ್ರೇಮಾಳ ತೋಳು ಬಿಟ್ಟು, ಮುದುಕಿಯ ಕೈ ಹಿಡಿದುಕೊಂಡಳು.

"ಊಂ, ಎಂಗಸೇ. ಬಾ ಅವ್ವ, ನಾನೂ ಬತ್ತೀನಿ," ಎಂದು ಅದೇ ಬಾಗಿಲಿಗೆ ವಾಪಸು ನಡೆದಳು.