ಗಾಜಕ್ಕನ ಖಾಲಿ ಕೈ

ವಾರದಲ್ಲಿ ಆರು ದಿನ ಗಾಜು ಕಾಯಿಸುವುದು, ಭಾನುವಾರ ಗಂಡನನ್ನು ಕೊಯ್ಯುವುದು. ಗಾಜಕ್ಕನ ಬದುಕು ಇಷ್ಟೇ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಉಕ್ಕಿನ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಅವಳು ಗಾಜಿನ ವಿಜ್ಞಾನಿ. ಭಾನುವಾರ ಸಂಜೆ ಮಾರ್ಕೆಟ್ಟಿನ ಹಿಂದಿನ ಸಭಾಂಗಣದಲ್ಲಿ ಜಾದೂಗಾರ್ತಿ. ಅವಳು ಟೋಪಿಯಿಂದ ಪಾರಿವಾಳ ತೆಗೆದರೆ ಪಾರಿವಾಳಕ್ಕೇ ಆಶ್ಚರ್ಯವಾಗಿ ಅದು ಮತ್ತೊಮ್ಮೆ ಟೋಪಿಯೊಳಗೆ ಇಣುಕಿ ನೋಡುತ್ತಿತ್ತು. ಗಂಡ ದರ್ಜಿ. ಅವನು ಹೊಲಿದುಕೊಟ್ಟ ಕೋಟಿನಲ್ಲಿ ಎಷ್ಟು ಜೇಬುಗಳಿದ್ದವೆಂದರೆ, ಒಮ್ಮೆ ಒಳಗೆ ಹೋದ ಮೊಲ ದಾರಿ ತಪ್ಪಿ ಮುಂದಿನ ಭಾನುವಾರ ಹೊರಗೆ ಬಂತು.

ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದವಳು ಅತ್ತೆ. "ನನ್ನ ಮಗನ್ನ ವಾರಾವಾರ ಗರಗಸ ಹಾಕಿ ಎರಡು ತುಂಡು ಮಾಡ್ತಾಳೆ ಕಣ್ರೀ," ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು. "ಆದ್ರೆ ಮನೇಲಿ ಒಂದಿನ ಅವನ ಮೇಲೆ ಮುಖ ಗಂಟು ಹಾಕ್ಕೊಂಡಿದ್ದು ನಾ ಕಾಣೆ."

ಹಾಗೆ ನಗುನಗುತ್ತಾ ಇದ್ದವಳನ್ನು ಉರಿಯುವ ಹಾಗೆ ಮಾಡಿದ್ದು ಒಂದು ಚೂರು ಗಾಜು.

ಗಾಜಕ್ಕನ ತಮ್ಮ ಅದೇ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ಆ ಕುಲುಮೆಯ ಹತ್ತಿರ ಹೋದವರ ನೆರಳೂ ಬೆವರುತ್ತಿತ್ತು. ಒಳಗೆ ಉಕ್ಕು ಎಷ್ಟು ಕರಗಿದೆ ಎಂದು ನೋಡಲು ಬಾಗಿಲಲ್ಲಿ ಅಂಗೈ ಅಗಲದ ಇಣುಕುಗಾಜು. ಪಕ್ಕದಲ್ಲೇ ಕಾದ ಇಕ್ಕಳ ಅದ್ದುವ ನೀರಿನ ತೊಟ್ಟಿ. ಅಲ್ಲಿಂದ ಒಂದು ಹನಿ ಸಿಡಿದು ಗಾಜಿಗೆ ತಾಗಿದರೆ ಸಾಕು, ಪಟಾರ್. ಹಾಗೆ ಒಡೆದ ಗಾಜು ತಮ್ಮನ ಎಡಗಣ್ಣನ್ನು ಕಿತ್ತುಕೊಂಡು ಹೋಗಿತ್ತು. ಪ್ರಯೋಗಶಾಲೆಯ ದೊಡ್ಡವರು ಬಂದು, ನೋಡಿ, "ಕೆಲಸಗಾರನ ಅಜಾಗರೂಕತೆ" ಎಂದು ಹೇಳಿ, ಅದೇ ಜಾತಿಯ ಇನ್ನೊಂದು ಗಾಜು ಕೂರಿಸಿ ಹೋದರು. ಅಜಾಗರೂಕತೆಯಂತೆ! ಹನಿಯನ್ನು ಕೂರಿಸಿಕೊಂಡು ಬುದ್ಧಿ ಹೇಳಬೇಕಾಗಿತ್ತೇನು ಅವನು?

ಅಂದಿನಿಂದ ಗಾಜಕ್ಕ ಹಟಕ್ಕೆ ಬಿದ್ದಳು. ಮರಳಿಗೆ ಅದು ಬೆರೆಸಿದಳು, ಇದು ಬೆರೆಸಿದಳು, ಕಾಯಿಸಿದಳು, ಒಡೆದಳು. ಒಡೆದ ಚೂರುಗಳನ್ನು ಗುಡ್ಡೆ ಹಾಕಿದ್ದರೆ ಮೇಲೆ ಹತ್ತಿ ಪಕ್ಕದ ಊರಿನವರು ಏನು ಅಡುಗೆ ಮಾಡುತ್ತಿದ್ದಾರೆ ಎಂದು ನೋಡಬಹುದಿತ್ತು. ಕೊನೆಗೊಂದು ದಿನ ಕೆಂಪಗೆ ಕಾದ ಗಾಜಿನ ಬಿಲ್ಲೆ ಮಂಜುಗಡ್ಡೆಯ ನೀರಿಗೆ ಬಿದ್ದು ಬುಸ್ ಎಂದಿತು, ಅಷ್ಟೇ. ಕೂದಲೆಳೆಯಷ್ಟೂ ಬಿರುಕಿಲ್ಲ. ಗಾಜಕ್ಕ ನೆಲದ ಮೇಲೆ ಕೂತು ಚಿಕ್ಕ ಹುಡುಗಿಯ ಹಾಗೆ ಅತ್ತಳು.

ಆದರೆ ಪ್ರಯೋಗಶಾಲೆಯ ದೊಡ್ಡವರು ಹೂಂ ಅನ್ನದೆ ಒಂದು ಮೊಳೆಯೂ ಕುಲುಮೆಗೆ ಹೋಗುವ ಹಾಗಿರಲಿಲ್ಲ. ದೊಡ್ಡವರ ಪೈಕಿ ದೊಡ್ಡವರು ಕೆಮ್ಮು ಸಾಹೇಬರು. ಕೆಮ್ಮದೆ ಅವರು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಅವರ ಮುಂದೆ, ಕುರ್ಚಿ ಹಾಕಿಕೊಂಡು ಕೂತಿದ್ದ ಉಳಿದ ತಜ್ಞರ ಮುಂದೆ, ಗಾಜಕ್ಕ ಬಿಲ್ಲೆಯನ್ನು ಕಾಯಿಸಿ ನೀರಿಗೆ ಬಿಟ್ಟಳು. ಬುಸ್. ಇಕ್ಕಳದಿಂದ ಎತ್ತಿ ಹಿಡಿದಳು. ಬಿಲ್ಲೆ ಹೊಳೆಯಿತು. ಎಲ್ಲರೂ ಮುಂದೆ ಬಾಗಿದರು.

ಅಷ್ಟಕ್ಕೇ ನಿಲ್ಲಿಸಿದ್ದರೆ! ಆದರೆ ವರ್ಷಗಟ್ಟಲೆ ವೇದಿಕೆಯ ಮೇಲೆ ಪಳಗಿದ ಕೈಗಳು ಅವಳನ್ನು ಕೇಳಲಿಲ್ಲ. ಬಿಲ್ಲೆಯನ್ನು ಮೇಜಿನ ಮೇಲಿಟ್ಟದ್ದೇ ತಡ, ಅಂಗೈಗಳೆರಡೂ ತಾವಾಗಿಯೇ ಮೇಲೆದ್ದವು, ಆ ಕಡೆ ಈ ಕಡೆ ತಿರುಗಿ 'ನೋಡಿ, ಏನೂ ಇಲ್ಲ' ಎಂದವು. ಬಿಲ್ಲೆಯ ನೀರು ಒರೆಸೋಣವೆಂದು, ಗಂಡ ಹೊಲಿದ ಅದೇ ಕೋಟಿನ ಜೇಬಿನಿಂದ ಕರವಸ್ತ್ರ ಎಳೆದಳು. ಕೆಂಪು ಬಂತು. ಅದರ ಬಾಲ ಹಿಡಿದು ಹಳದಿ ಬಂತು, ಹಿಂದೆ ನೀಲಿ. ನಿಲ್ಲಿಸೋಣವೆಂದು ಎಳೆದಷ್ಟೂ ಬಂದವು.

ಕೆಮ್ಮು ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಉಹ್ಹು ಉಹ್ಹು. ಭೇಷ್! ಈಗ ನಿಜ ಹೇಳಮ್ಮ, ಒಡೆದ ಗಾಜನ್ನ ಎಲ್ಲಿ ಬಚ್ಚಿಟ್ಟೆ?"

"ಒಡೆದಿಲ್ಲ ಸಾರ್! ಒಡೆದೇ ಇಲ್ಲ!"

"ಎಲ್ಲ ಜಾದೂಗಾರರೂ ಹೀಗೇ ಹೇಳೋದು," ಎಂದು ಸಾಹೇಬರು ನಕ್ಕರು. ಉಳಿದವರೂ ನಕ್ಕರು. ಗಾಜಕ್ಕನ ಕಿವಿಯಿಂದ ಹೊಗೆ ಬಂದದ್ದು ಕಂಡವರಿದ್ದಾರೆ.

"ಹಾಗಾದ್ರೆ ನೀವೇ ಮಾಡಿ ಸಾರ್. ನಾನು ಮುಟ್ಟಲ್ಲ, ಇಲ್ಲಿ ನಿಲ್ಲೋದೂ ಇಲ್ಲ."

ಅವಳ ಕೋಟು ಬಿಚ್ಚಿಸಿದರು. ಬಟ್ಟೆಯ ತೋಳು ಮಡಿಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಮತ್ತೆ ಕೈ ಎದ್ದೀತೆಂಬ ಭಯಕ್ಕೆ ಗಾಜಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೇ ಕೂತಳು. ಒಳಗೆ ಅವರೇ ಕಾಯಿಸಿದರು, ಅವರೇ ನೀರಿಗೆ ಹಾಕಿದರು, ಅವರೇ ಎತ್ತಿದರು. ಗಾಜು ಹಾಗೇ ಇತ್ತು. ಬಾಗಿಲು ತೆರೆಯಿತು.

"ಉಹ್ಹು. ನಮ್ಮ ಕಣ್ಣಿಗೆ ಏನೋ ಮಾಡಿದೀಯ," ಎಂದರು ಕೆಮ್ಮು ಸಾಹೇಬರು.

"ಸಾರ್, ನಾನು ಹೊರಗಿದ್ದೆ!"

"ಅದೇ ಮತ್ತೆ! ಗೋಡೆ ಆಚೆಯಿಂದ ಮಾಡೋದು ಅಂದ್ರೆ ಸಾಮಾನ್ಯಾನಾ? ನೋಡಮ್ಮ, ನಾಳೆ ಈ ಗಾಜು ಹಾಕಿದ್ರೆ ಜನ ಏನಂತಾರೆ? ಮೊಲ ತೆಗೆಯೋಳು ಮಾಡಿದ ಗಾಜು ಅಂತಾರೆ. ಆ ಆಟ ಬಿಟ್ಟು ಒಂದು ವರ್ಷ ತೆಪ್ಪಗಿರು. ಆಮೇಲೆ ನೋಡೋಣ."

"ಆ ಒಂದು ವರ್ಷ ಕುಲುಮೆ ಮುಂದೆ ಮುಖ ಇಡೋರು ಯಾರು ಸಾರ್?"

"ಉಹ್ಹು. ಅದು ಈ ಕೊಠಡಿಯ ವಿಷಯ ಅಲ್ಲ."

ಕೇಳಿದಿರಾ? ಕೊಠಡಿಯ ವಿಷಯ ಅಲ್ಲವಂತೆ! ಕಣ್ಣಾರೆ ಕಂಡದ್ದನ್ನು ನಂಬದಿರಲು ಇಷ್ಟೊಂದು ಓದಬೇಕೇ?

ಗಾಜಕ್ಕ ಮನೆಗೆ ಬಂದ ರಭಸಕ್ಕೆ ಗಂಡನ ಹೊಲಿಗೆ ಯಂತ್ರ ತಾನಾಗಿ ಎರಡು ಹೊಲಿಗೆ ಹಾಕಿತು. ನಡೆದದ್ದನ್ನೆಲ್ಲ ಹೇಳಿದಳು.

"ಜಾದೂ ಬಿಟ್ಬಿಡ್ತೀನಿ ರೀ. ಅದಕ್ಕೇನೂ ಅಳ್ತಿಲ್ಲ ನಾನು. ಆದ್ರೆ ಒಂದು ವರ್ಷ!"

"ಬಿಟ್ರೆ ನನ್ನ ಹೊಟ್ಟೇನೂ ಬದುಕ್ಕೊಳ್ಳತ್ತೆ," ಎಂದ ಗಂಡ. ಅವಳು ನಗಲಿಲ್ಲ. ಅವನು ತಲೆ ತಗ್ಗಿಸಿ ದಾರ ಕಡಿದ.

ಅತ್ತೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಯಾಕೆ ಬಿಡ್ಬೇಕು? ವೇದಿಕೆ ಮೇಲೆ ನೀನು ಸುಳ್ಳು ಅಂತ ಹೇಳೇ ಸುಳ್ಳು ತೋರಿಸ್ತೀಯ. ಕುರ್ಚಿ ಮೇಲೆ ಕೂತು ನಿಜಾನ ಸುಳ್ಳು ಅನ್ನೋ ಆ ಗಂಟಲುಬೇನೆಯವನು ಬಿಡ್ಲಿ ಅವನ ಕೆಲಸಾನ!"

ಅಷ್ಟರಲ್ಲಿ ತಮ್ಮ ಓಡಿ ಬಂದ. ಕುಲುಮೆಯ ಗಾಜು ಮತ್ತೆ ಒಡೆದಿತ್ತು. ಈ ಸಲ ಜೊತೆಗಾರನೊಬ್ಬನ ಕೆನ್ನೆ ಸೀಳಿತ್ತು. ಬೆಂಕಿ ಆರಿಸಿದ್ದರು. ಬೆಳಿಗ್ಗೆ ಅದೇ ಹಳೇ ಜಾತಿಯ ಗಾಜು ಹಾಕಿ ಮತ್ತೆ ಹೊತ್ತಿಸಬೇಕಂತೆ.

"ಅಕ್ಕಾ, ನಿನ್ನ ಗಾಜು ಕೊಡು. ಕುಲುಮೆ ಮೇಸ್ತ್ರಿ ಒಪ್ಪಿದಾರೆ."

"ಸಾಹೇಬರು ಹೂಂ ಅಂದಿಲ್ವೋ."

"ಒಡೆದುಹೋಗೋಕೆ ನಮ್ಮ ಕಣ್ಣೂ ಹೂಂ ಅಂದಿರ್ಲಿಲ್ಲ ಅಕ್ಕ."

ಬೆಳಿಗ್ಗೆ ಕುಲುಮೆಯ ಬಾಗಿಲಲ್ಲಿ ಗಾಜಕ್ಕನ ಬಿಲ್ಲೆ ಕೂತಿತು. ಬೆಂಕಿ ಏರಿತು. ಗಾಜಿನ ಹಿಂದೆ ಉಕ್ಕು ಕೆಂಪಾಗಿ, ಹಳದಿಯಾಗಿ, ಬೆಳ್ಳಗಾಯಿತು. ತಮ್ಮ ಉಳಿದಿದ್ದ ಒಂದು ಕಣ್ಣನ್ನು ಗಾಜಿನ ಹತ್ತಿರ ತಂದ. ಗಾಜಕ್ಕ ಅವನ ಅಂಗಿಯ ಕೊರಳುಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು.

"ಯಾಕಕ್ಕ? ನಿನ್ನ ಗಾಜಿನ ಮೇಲೆ ನಿಂಗೇ ನಂಬಿಕೆ ಇಲ್ವಾ?"

"ನನ್ನ ನಂಬಿಕೆಗೆ ನನ್ನ ಕಣ್ಣು ಪಣ ಇಡ್ತೀನಿ, ನಿಂದಲ್ಲ. ಸರಿ ಆಚೆ. ತೊಟ್ಟಿಯಿಂದ ನೀರು ಎರಚು."

"ಅಕ್ಕಾ—"

"ಎರಚೋ ಅಂದ್ರೆ!"

ಗಂಡನನ್ನು ಕೊಯ್ಯುವಾಗ ಒಮ್ಮೆಯೂ ದೇವರನ್ನು ನೆನೆಯದವಳು ಆಗ ನೆನೆದಳು. ಪೆಟ್ಟಿಗೆಯಲ್ಲಿ ಗಂಡ ಎಲ್ಲಿ ಮುದುಡಿಕೊಂಡಿರುತ್ತಾನೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ಇಲ್ಲಿ ಯಾವ ಪೆಟ್ಟಿಗೆಯೂ ಇರಲಿಲ್ಲ. ಅವಳು ಗಾಜಿಗೆ ಮುಖ ಕೊಟ್ಟು ನಿಂತಳು. ತಮ್ಮ ಬೊಗಸೆ ನೀರು ಎರಚಿದ. ಬುಸ್ ಎಂದು ಆವಿ ಎದ್ದು ಅವಳ ಹುಬ್ಬು ಸುಟ್ಟು, ಮುಖ ಮುಚ್ಚಿತು. ಮತ್ತೆ ಎರಚಿದ. ಮೇಸ್ತ್ರಿ ಇಡೀ ಬಕೆಟ್ಟನ್ನೇ ಸುರಿದ. ಆವಿ ಕರಗಿದಾಗ ಗಾಜಕ್ಕನ ಮುಖ ಅಲ್ಲೇ ಇತ್ತು, ಗಾಜೂ ಅಲ್ಲೇ ಇತ್ತು.

ಯಾರೋ ಸುದ್ದಿ ಮುಟ್ಟಿಸಿದ್ದರು. ಕೆಮ್ಮು ಸಾಹೇಬರು ಏದುಸಿರು ಬಿಡುತ್ತಾ ಬಂದರು.

"ಉಹ್ಹು ಉಹ್ಹು! ಯಾರನ್ನ ಕೇಳಿ ಹಾಕಿದ್ರಿ? ತೆಗೀರಿ ಅದನ್ನ! ಹಳೇದು ಹಾಕಿ!"

ಮೇಸ್ತ್ರಿ ಸೊಂಟದ ಮೇಲೆ ಕೈ ಇಟ್ಟುಕೊಂಡ. "ಹಾಕ್ತೀವಿ ಸಾಮಿ. ಆದ್ರೆ ಹಾಕಿದ್ಮೇಲೆ ಮೊದಲು ನೀವು ಇಣುಕಬೇಕು."

ಸಾಹೇಬರು ಕುಲುಮೆ ನೋಡಿದರು, ತೊಟ್ಟಿ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ ಬಿಡಿ, ನನ್ನ ಗಾಜಲ್ಲೇ ಇಣುಕಿ ಬನ್ನಿ," ಎಂದಳು ಗಾಜಕ್ಕ. "ಕಣ್ಕಟ್ಟು ಅಂದ್ರಲ್ಲ? ಕಣ್ಕಟ್ಟಿನ ಚೂರು ಯಾರ ಕಣ್ಣಿಗೂ ಚುಚ್ಚಲ್ಲ ಸಾರ್. ಯಾಕೆ ಹೆದರ್ತೀರಿ?"

ಸಾಹೇಬರು ಇನ್ನೂ ಸರಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಕೆಮ್ಮು ಗಂಟಲಲ್ಲೇ ನಿಂತುಹೋಯಿತು. ಬೆನ್ನು ಬಾಗಿಲಿಗೆ ತಾಗಿತು. ಬಾಗಿಲು ದಾಟಿ, ಅಂಗಳ ದಾಟಿ, ತಿರುಗಿ ನೋಡದೆ ನಡೆದರು.

"ನನ್ನ ತಮ್ಮನ ಕಣ್ಣು ಹೋದ ದಿನಾನೂ ಇಷ್ಟೇ ದೂರ ನಿಂತಿದ್ರಿ ನೀವು!" ಎಂದು ಗಾಜಕ್ಕ ಹಿಂದಿನಿಂದ ಕೂಗಿದ ಕೂಗಿಗೆ ಚಿಮಣಿಯ ಹೊಗೆ ಎರಡಾಗಿ ಸೀಳಿತು. ಅವಳ ಮುಖ ಕೆಂಡದ ಹಾಗಿತ್ತು. ಅದರಲ್ಲಿ ಕುಲುಮೆಯದೆಷ್ಟು, ಅವಳದೆಷ್ಟು ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಆಮೇಲೆ ಅವಳು ಸುಟ್ಟ ಹುಬ್ಬು ಉಜ್ಜಿಕೊಂಡು ಮೇಸ್ತ್ರಿಯ ಕಡೆ ತಿರುಗಿದಳು.

"ಉಳಿದ ಕುಲುಮೆಗಳ ಬಾಗಿಲ ಅಳತೆ ಹೇಳಿ. ಈಗ್ಲೇ."