ಕೈ ನಿಂತಾಗ

ವರ್ಷಾಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಸಿಕಂದರಾಬಾದ್ ಬಳಿಯ ತಾರ್ನಾಕದಲ್ಲಿ, ಗಂಡನ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ರಾಯಚೂರು, ಯಾದಗಿರಿ ಕಡೆಯ ಕಿವುಡ ಮಕ್ಕಳಿಗೆ ಸಂಜೆ ಹೊತ್ತು ಸನ್ನೆಯಲ್ಲಿ ಕಥೆ ಹೇಳುತ್ತಿದ್ದಳು. ಅದು ವಿಡಿಯೋದಲ್ಲಿ ನೇರ ಪ್ರಸಾರವಾಗುತ್ತಿತ್ತು. ಮಕ್ಕಳು ತಾಯಂದಿರ ಫೋನಿನಲ್ಲಿ ನೋಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ತನ್ನದು ಎಂದು ಅವಳಿಗೆ ಉಳಿದಿದ್ದ ಕೆಲಸ ಅದೊಂದೇ.

ವೈಫೈ ಡಬ್ಬಿ ಇದ್ದದ್ದು ಮುಂದಿನ ಹಾಲ್‌ನಲ್ಲಿ, ಟಿವಿ ಪಕ್ಕ. ಹಳೇ ಮನೆ, ದಪ್ಪ ಕಲ್ಲಿನ ಗೋಡೆ. ಹಿಂದಿನ ಕೋಣೆ ಮುಟ್ಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತಿತ್ತು. ಅತ್ತೆ ಕಮಲಾಕ್ಷಿ ಅದೇ ಹೊತ್ತಿಗೆ ಅದೇ ವೈಫೈನಿಂದ ಟಿವಿಯಲ್ಲಿ ಪ್ರವಚನ ಹಚ್ಚಿದರೆ ಇನ್ನೂ ಕಷ್ಟ. ಕಿವಿ ಕೇಳುವವರಿಗೆ ಚಿತ್ರ ನಿಂತರೂ ಎಷ್ಟೋ ಸಲ ದನಿ ಬರುತ್ತಿರುತ್ತದೆ. ಈ ಮಕ್ಕಳಿಗೆ ಕೈ ನಿಂತರೆ ಕಥೆಯೇ ನಿಂತಂತೆ.

ಹಾಲ್‌ನಿಂದ ವೈರ್ ಎಳೆಸೋಣವೆಂದು ಅವಳು ಗಂಡ ದೀಪಕನನ್ನು ಫೋನಿನಲ್ಲಿ ಬರೆದು ತೋರಿಸಿ ಕೇಳಿದ್ದಳು. ಅದಕ್ಕೆ ದೇವರ ಕೋಣೆಯ ಗೋಡೆ ಕೊರೆಯಬೇಕಿತ್ತು, ಕಮಲಾಕ್ಷಿ ಬೇಡವೆಂದಳು. ದೀಪಕ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇಂಜಿನಿಯರ್. ಹಾಲ್‌ನ ಸೋಫಾದ ಮೇಲೆ ಕೂತು ಫೋನಿನಲ್ಲಿ ವೈಫೈ ಸ್ಪೀಡ್ ನೋಡಿ, ಭಾಳ ಛಲೋ ಐತಲ್ಲ ಅಂದ. ಆಮೇಲೆ ಸಿಕಂದರಾಬಾದಿನಿಂದ ಸಿಗ್ನಲ್ ಮುಂದಕ್ಕೆ ದಾಟಿಸುವ ಇನ್ನೊಂದು ಡಬ್ಬಿ ತಂದಿಟ್ಟ. ಕೆಲವು ದಿನ ಸುಧಾರಿಸಿದಂತೆ ಕಂಡು ಮತ್ತೆ ಅದೇ ಪಾಡಾಯಿತು. ವರ್ಷಾ ಅದರ ಬಗ್ಗೆ ಅವನಿಗೆ ಹೇಳುವುದನ್ನೇ ಬಿಟ್ಟಳು.

ಒಂದು ಸಂಜೆ ಕಥೆಯ ನಡುವೆ ಚಿತ್ರ ನಿಂತಿತು. ಅವಳ ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ಸೊಟ್ಟಗಿತ್ತು. ಯಾರೋ ಆ ಮುಖದ ಫೋಟೊ ಹಿಡಿದು ತಾಯಂದಿರ ಗುಂಪಿಗೆ ಹಾಕಿದರು. ನಗುವ ಚಿಹ್ನೆಗಳು ಸಾಲುಗಟ್ಟಿದವು. ವರ್ಷಾಳೂ ಆ ಗುಂಪಿನಲ್ಲಿದ್ದಳು. ಮರುದಿನ ಅವಳು ಕ್ಲಾಸ್ ತೆಗೆದುಕೊಳ್ಳಲಿಲ್ಲ. ಏನಾಯಿತೆಂದು ದೀಪಕ ಕೇಳಿದರೆ ಮುಖ ತಿರುಗಿಸಿದಳು. ತುಟಿ ನೋಡಿ ಮಾತು ಹಿಡಿಯುವವಳು ಮುಖ ತಿರುಗಿಸಿದ ಮೇಲೆ ಅವಳೊಂದಿಗೆ ಮಾತಾಡುವ ದಾರಿಯೇ ಇರಲಿಲ್ಲ.

ಕ್ಲಾಸು ನಡೆಸುತ್ತಿದ್ದ ಸಂಸ್ಥೆಯ ಕೃಷ್ಣಾಬಾಯಿ ದೀಪಕನಿಗೆ ಫೋನ್ ಮಾಡಿದರು. ಮಕ್ಕಳಿಗೆ ಅರ್ಧ ಕಥೆ ತಿಳಿಯುತ್ತಿಲ್ಲವೆಂದು ದೂರು ಬಂದಿತ್ತು. ಕ್ಲಾಸನ್ನು ಧಾರವಾಡದ ಒಬ್ಬ ಟೀಚರಿಗೆ ಕೊಡುತ್ತಿದ್ದರು. ನೀವೇ ಒಮ್ಮೆ ನೋಡಿರಿ ಎಂದು ಹಳೆಯ ಪ್ರಸಾರವೊಂದನ್ನು ಕಳಿಸಿದರು.

ದೀಪಕ ಅದನ್ನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತು ನೋಡಿದ. ಹೆಂಡತಿಯ ಕ್ಲಾಸನ್ನು ಅವನು ನೋಡಿದ್ದು ಅದೇ ಮೊದಲು. ಎತ್ತಿದ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು, ಮತ್ತೆ ಕಾಣುವಾಗ ಎದೆಯ ಹತ್ತಿರ ಇರುತ್ತಿತ್ತು. ನಡುವೆ ಅವಳು ಹೇಳಿದ್ದೆಲ್ಲ ಎಲ್ಲಿಗೂ ಮುಟ್ಟಿರಲಿಲ್ಲ. ಅದು ತಿಳಿಯದೆ ಅವಳು ನಗುನಗುತ್ತ ಹೇಳುತ್ತಲೇ ಇದ್ದಳು. ಅವನು ತಟ್ಟೆ ಪಕ್ಕಕ್ಕಿಟ್ಟು ಮತ್ತೆ ಮೊದಲಿನಿಂದ ನೋಡಿದ.

ಮನೆಗೆ ಬಂದು ಅವ್ವನಿಗೆ ಅದನ್ನೇ ತೋರಿಸಿದ. ಕಮಲಾಕ್ಷಿ ಟಿವಿ ಆರಿಸಿ ನೋಡಿದಳು.

"ಹಿಂಗ ಆಗತೈತಂತ ಆಕಿ ನನಗ ಎಂದೂ ಹೇಳಲಿಲ್ಲಲ್ಲೋ," ಅಂದಳು.

"ಹೇಳಿದ್ರ ತಿಳ್ಕೊಳ್ಳಾಕ ನಮಗ ಎಲ್ಲಿ ಬರತೈತವ್ವ?"

ಆ ಭಾನುವಾರ ಗೋಡೆ ಕೊರೆಸಿದರು. ದೇವರ ಮಂಟಪಕ್ಕೆ ಕಮಲಾಕ್ಷಿ ತಾನೇ ಸೀರೆ ಹೊದಿಸಿದಳು, ಸಿಮೆಂಟಿನ ಧೂಳನ್ನು ತಾನೇ ಒರೆಸಿದಳು. ವೈರ್ ನೇರವಾಗಿ ವರ್ಷಾಳ ಲ್ಯಾಪ್‌ಟಾಪಿಗೆ ಬಂತು. ಹಳೆಯ ಕ್ಲಾಸು ವಾಪಸ್ ಸಿಗಲಿಲ್ಲ. ಕೃಷ್ಣಾಬಾಯಿ ಚಿಕ್ಕ ಮಕ್ಕಳಿಗೆ ಶನಿವಾರ ಮಾತ್ರ ಅವಳಿಂದ ಒಂದು ಕಥೆ ಹೇಳಿಸಲು ಒಪ್ಪಿದರು. ವರ್ಷಾ ಆಗಲಿ ಎಂದು ತಲೆಯಾಡಿಸಿದಳು, ಆದರೆ ಆ ತಾಯಂದಿರ ಗುಂಪನ್ನು ಮತ್ತೆ ತೆರೆದು ನೋಡಲಿಲ್ಲ.

ಮೊದಲ ಶನಿವಾರ ತಾಯಿ ಮಗ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಅವಳ ಕಥೆ ನೋಡಿದರು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ವರ್ಷಾಳ ಬೆರಳು, ಹುಬ್ಬು, ಭುಜ ಎಲ್ಲವೂ ಮಾತಾಡುತ್ತಿದ್ದವು. ಮನೆಯಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ಕಮಲಾಕ್ಷಿ ಎಂದೂ ಕಂಡಿರಲಿಲ್ಲ.

"ಏನ್ ಹೇಳಾಕತ್ತಾಳೋ?" ಎಂದು ಮೆಲ್ಲಗೆ ಕೇಳಿದಳು.

ದೀಪಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಒಂದು ಆಡು, ಒಂದು ಬಾವಿ... ಮುಂದಿನದು ನನಗೂ ತಿಳೀವಲ್ದು," ಅಂದ.